ಕಾರಿನ ಡೆಕ್ಕಿಗೆ ಲ್ಯಾಪ್‌ಟಾಪ್ ಜೋಡಿಸಿದ್ರೆ ಕುಂಯ್ ಅನ್ನೋ ಸದ್ದು, ಏನು ಮಾಡ್ಲಿ?

ಮಿಕ್ಸಿಂಗ್ ಮಾಣಿ:
ಎಲ್ಲರಿಗೂ ನಮಸ್ಕಾರ. ನಾನು ಹಾಡುಗಳ ಮಿಕ್ಸಿಂಗ್ ಮಾಡ್ತೀನಿ, ಅಂದ್ರೆ ದನಿ, ವಾದ್ಯಗಳ ಮಟ್ಟ ಹೊಂದಿಸೋ ಕೆಲಸ. ಹೆಡ್‌ಫೋನಲ್ಲಿ ಕೇಳ್ದಾಗ ಎಲ್ಲ ಸರಿ ಇರುತ್ತೆ, ಅದೇ ಹಾಡು ಕಾರಲ್ಲಿ ಹಾಕಿದ್ರೆ ಬೇಸ್ ಗುಮ್ಮಂತ ಮುಂದೆ ಬಂದು ಹಾಡೋರ ದನಿ ಎಲ್ಲೋ ಹಿಂದೆ ಹೋಗಿಬಿಡುತ್ತೆ. ಅದಕ್ಕೆ ಲ್ಯಾಪ್‌ಟಾಪನ್ನೇ ಕಾರಿನ ಡೆಕ್ಕಿಗೆ (ಹಾಡು ಹಾಕೋ ಸ್ಟೀರಿಯೋಗೆ) ಜೋಡಿಸಿ, ಅಲ್ಲೇ ಕೂತು ಸರಿ ಮಾಡ್ತಾ ಅಲ್ಲೇ ಕೇಳೋಣ ಅಂತ.

ಡೆಕ್ಕಲ್ಲಿ ಆಕ್ಸ್ (ಹೆಡ್‌ಫೋನ್ ಥರದ ಪಿನ್ ಚುಚ್ಚೋ ತೂತು), ಯುಎಸ್‌ಬಿ, ಬ್ಲೂಟೂತ್ ಮೂರೂ ಇವೆ. ಆಕ್ಸ್ ಕೇಬಲ್ ಹಾಕಿದ್ರೆ ಹಾಡು ಬರುತ್ತೆ, ಆದ್ರೆ ಲ್ಯಾಪ್‌ಟಾಪಿನ ಚಾರ್ಜರನ್ನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದ ಕೂಡ್ಲೇ ಕುಂಯ್ಯ್ ಅಂತ ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಆ ಸದ್ದಿನ ಶ್ರುತಿ ಮೇಲೇರುತ್ತೆ. ಯುಎಸ್‌ಬಿಗೆ ಎರಡೂ ಕಡೆ ಒಂದೇ ಥರ ಪ್ಲಗ್ ಇರೋ ಕೇಬಲ್ ಹಾಕ್ದೆ, ಡೆಕ್ಕು 'ಸಾಧನ ಇಲ್ಲ' ಅಂತು. ಬ್ಲೂಟೂತಲ್ಲಿ ಸೇರಿತು, ಆದ್ರೆ ಹಾಡು ಫೋನ್ ಕರೆ ಕೇಳಿದ ಹಾಗೆ ಕೇಳುತ್ತೆ. ಯಾವುದನ್ನ ಹಿಡ್ಕೊಂಡು ಹೋಗ್ಲಿ?

ಪೆನ್‌ಡ್ರೈವ್ ಪಾರ್ಟಿ:
ಪೆನ್‌ಡ್ರೈವಿಗೆ ಹಾಕಿ, ಚುಚ್ಚಿ, ಕೇಳಿ. ಮುಗೀತು.

ಮಿಕ್ಸಿಂಗ್ ಮಾಣಿ:
ಸರ್, ಅದೇ ಮಾಡ್ತಿದ್ದೆ. ಬೇಸ್ ಒಂದು ಡೆಸಿಬೆಲ್ ಇಳಿಸೋದು, ರೆಂಡರ್ ಮಾಡೋದು (ಇಡೀ ಹಾಡನ್ನ ಮತ್ತೆ ಒಂದು ಫೈಲ್ ಮಾಡೋದು), ಕಾಪಿ ಮಾಡೋದು, ಕೆಳಗಿಳಿದು ಹೋಗಿ ಕೇಳೋದು, ಮತ್ತೆ ಮೇಲೆ ಹತ್ತೋದು. ಕಾರಿಗೆ ಹೋಗೋ ಹೊತ್ತಿಗೆ ಹಿಂದಿನದ್ದು ಹೇಗೆ ಕೇಳ್ತಿತ್ತು ಅನ್ನೋದೇ ಮರೆತಿರುತ್ತೆ.

ನಾಕ್ನೇ ಗೇರು:
ಅಷ್ಟ್ಯಾಕ ತ್ರಾಸ್ ತಗೋತೀರಿ? ಚಾರ್ಜರ್ ತಗದ್ ಬಿಡ್ರಿ. ಸದ್ದೂ ಇಲ್ಲ, ಚಿಂತಿನೂ ಇಲ್ಲ.

ತಂತಿಗಾರ:
ಗೇರು ಅವರು ಒಂದೇ ಸಾಲಲ್ಲಿ ಹೇಳಿದ್ದೇ ಮೊದಲ ಪರೀಕ್ಷೆ. ಎಂಜಿನ್ ಓಡ್ತಾ ಇರ್ಲಿ, ಆಕ್ಸ್ ಕೇಬಲ್ ಹಾಗೇ ಇರ್ಲಿ, ಚಾರ್ಜರ್ ಮಾತ್ರ ಕಿತ್ತು ನೋಡಿ. ಸದ್ದು ಪೂರ್ತಿ ಹೋದ್ರೆ ನಿಮ್ಮದು ಗ್ರೌಂಡ್ ಲೂಪ್. ಕೇಬಲ್ ಬದಲಾಯಿಸೋದು, ಒಳ್ಳೇ ಜ್ಯಾಕ್ ತಗೊಳ್ಳೋದು, ಚಿನ್ನದ ಲೇಪದ ಪಿನ್ನು, ಇದ್ಯಾವುದರಿಂದಲೂ ಅದು ಹೋಗಲ್ಲ.

ಆಗ್ತಿರೋದು ಇಷ್ಟು. ಲ್ಯಾಪ್‌ಟಾಪಿನ ಗ್ರೌಂಡು, ಅಂದ್ರೆ ಮೈನಸ್ ಬದಿ, ಕಾರಿನ ಬಾಡಿಯ ಲೋಹಕ್ಕೆ ಈಗ ಎರಡು ದಾರಿಯಲ್ಲಿ ಸೇರಿದೆ. ಒಂದು ಆಕ್ಸ್ ಕೇಬಲ್ಲಿನ ಹೊರಕವಚ, ಇನ್ನೊಂದು ಚಾರ್ಜರಿನ ಮೈನಸ್ ತಂತಿ. 65 ವ್ಯಾಟಿನ ಚಾರ್ಜರ್ ಅಂದ್ರೆ ಕಾರಿನಿಂದ ಸುಮಾರು 5 ಆಂಪಿಯರ್ ಎಳೆಯುತ್ತೆ. ಸಾಕೆಟ್ಟಿನ ಮೈನಸ್ ತಂತಿಯಲ್ಲಿ ಬರೀ 10 ಮಿಲಿಓಮ್ ರೋಧ ಇದ್ರೂ 50 ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತೆ. ಆಕ್ಸಿನಲ್ಲಿ ಹೋಗೋ ಹಾಡಿನ ಮಟ್ಟ ಎಷ್ಟು? ಸಾಮಾನ್ಯ ಲೈನ್ ಲೆವೆಲ್ 316 ಮಿಲಿವೋಲ್ಟ್. ಆ ವ್ಯತ್ಯಾಸದಲ್ಲಿ ಏರಿಳಿತ ಆಗೋ ಭಾಗ ಸ್ವಲ್ಪವೇ ಇದ್ರೂ ಹಾಡಿನ ಜೊತೆ ಸೇರ್ಕೊಂಡು ಕಿವಿಗೆ ಬೀಳುತ್ತೆ.

ಶ್ರುತಿ ಏರೋದು ಆಲ್ಟರ್ನೇಟರಿನಿಂದ. ಅದು ಮೂರು ಫೇಸ್ ವಿದ್ಯುತ್ತನ್ನ ಡಯೋಡ್‌ಗಳಲ್ಲಿ ನೇರ ಮಾಡಿ ಕೊಡುತ್ತೆ, ಪೂರ್ತಿ ನಯವಾಗಿ ಬರಲ್ಲ. 12 ಧ್ರುವದ ಆಲ್ಟರ್ನೇಟರಲ್ಲಿ ಒಂದು ಸುತ್ತಿಗೆ 36 ಸಣ್ಣ ಏರಿಳಿತ. ಎಂಜಿನ್ ಐಡಲಲ್ಲಿ 800, ಪುಲ್ಲಿ ಎರಡೂವರೆ ಪಟ್ಟು ಅಂದ್ರೆ ಆಲ್ಟರ್ನೇಟರ್ ನಿಮಿಷಕ್ಕೆ 2000 ಸುತ್ತು, ಏರಿಳಿತ ಸೆಕೆಂಡಿಗೆ 1200. ಅಂದ್ರೆ 1200 ಹರ್ಟ್ಸ್, ಕಿವಿಗೆ ಚೆನ್ನಾಗಿ ಚುಚ್ಚೋ ಜಾಗ. ಎಂಜಿನ್ 2400ಕ್ಕೆ ಹೋದ್ರೆ ಸದ್ದು 3600ಕ್ಕೆ.

ಹಳೇ ಡೆಕ್ಕು:
ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಸಣ್ಣ ಡಬ್ಬಿ ಸಿಗುತ್ತೆ, ಎರಡೂ ಕಡೆ 3.5 ಎಂಎಂ. ಆಕ್ಸ್ ಕೇಬಲ್ ಮಧ್ಯೆ ಹಾಕಿ, ಕೆಲಸ ಮುಗೀತು. ಇದಕ್ಕೆ ಇಷ್ಟುದ್ದ ಪಾಠ ಬೇಕಿತ್ತಾ ತಂತಿಗಾರ್ರೇ?

ತಂತಿಗಾರ:
ಬೇಕಿತ್ತು. ಯಾಕೆಂದ್ರೆ ಆ ಡಬ್ಬಿ ಇವರ ಕೆಲಸಕ್ಕೆ ಆಗಲ್ಲ. ಅದರೊಳಗೆ ಇರೋದು ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್. ತಂತಿ ಮುಟ್ಟದೇ ಆಯಸ್ಕಾಂತದ ಮೂಲಕ ಹಾಡು ದಾಟುತ್ತೆ, ಹಾಗಾಗಿ ಗ್ರೌಂಡ್ ಕತ್ತರಿಸಿದ ಹಾಗೆ. ಒಳ್ಳೇ ಉಪಾಯವೇ. ಆದ್ರೆ ಅಷ್ಟು ಚಿಕ್ಕ ಕೋರ್ (ಟ್ರಾನ್ಸ್‌ಫಾರ್ಮರಿನ ತಿರುಳು) ಕೆಳಗಿನ ಬೇಸನ್ನ ಹೊರಲಾರದೆ ಸ್ಯಾಚುರೇಟ್ ಆಗುತ್ತೆ, ಅಂದ್ರೆ ತುಂಬಿ ಹೋಗುತ್ತೆ. ಬೇಸ್ ಸಣ್ಣ ಆಗೋದಲ್ದೆ ಒಡಕೂ ಬರುತ್ತೆ. ಸುಮ್ನೆ ಹಾಡು ಕೇಳೋರಿಗೆ ಪರವಾಗಿಲ್ಲ. ಬೇಸ್ ಎಷ್ಟಿದೆ ಅಂತ ನೋಡೋಕೇ ಕಾರಿಗೆ ಬಂದೋರಿಗೆ ಆ ಡಬ್ಬಿ ಸುಳ್ಳು ಹೇಳುತ್ತೆ.

ಹಳೇ ಡೆಕ್ಕು:
ಸರಿ, ಒಪ್ದೆ. ಆದ್ರೆ ಲ್ಯಾಪ್‌ಟಾಪಿನ ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ಆ ಕೋರ್ ಅಷ್ಟು ಬೇಗ ತುಂಬಲ್ಲ. ಅದನ್ನೂ ಹೇಳಿ.

ತಂತಿಗಾರ:
ನಿಜ. ಇಳಿಸಿದಷ್ಟೂ ಒಳ್ಳೇದು, ಆದ್ರೆ ಡೆಕ್ಕಿನ ಹಿಸ್ ಸದ್ದು ಮೇಲೆ ಬರುತ್ತೆ. ದೊಡ್ಡ ಕೋರ್ ಇರೋ ಐಸೋಲೇಟರೂ ಇವೆ, ಅವು ಕೈಯಲ್ಲಿ ಹಿಡಿದ್ರೆ ತೂಕ ಗೊತ್ತಾಗುತ್ತೆ.

ಎಡಗಡೆ ಸೀಟು:
ಇವರಿಗೆ ಯಾಕೆ ಮಾರಾಯ್ರೆ ಆ ಡಬ್ಬಿ, ಮಿಕ್ಸ್ ನೋಡ್ಲಿಕ್ಕೆ ಗಾಡಿ ಓಡಿಸ್ಬೇಕು ಅಂತ ಉಂಟಾ? ನಿಂತ ಗಾಡಿ, ಎಂಜಿನ್ ಬಂದ್, ಕೀಲಿ ಎಸಿಸಿಯಲ್ಲಿ, ಅಂದ್ರೆ ಎಂಜಿನ್ ಇಲ್ಲದೆ ಡೆಕ್ಕು ಓಡುವ ಜಾಗದಲ್ಲಿ. ಆಲ್ಟರ್ನೇಟರೇ ತಿರುಗದಿದ್ರೆ ಕುಂಯ್ ಎಲ್ಲಿಂದ ಬರ್ಬೇಕು?

ತಂತಿಗಾರ:
ಆಲ್ಟರ್ನೇಟರಿನ ಕುಂಯ್ ಹೋಗುತ್ತೆ. ಆದ್ರೆ ಚಾರ್ಜರ್ ಚುಚ್ಚಿದ್ರೆ ಅದರ ಸ್ವಿಚಿಂಗ್ ಸದ್ದು, ಲ್ಯಾಪ್‌ಟಾಪಿನ ಪ್ರೊಸೆಸರ್ ಎಳೆಯೋ ಕರೆಂಟಿನ ಚಿಟಪಟ, ಇವು ಉಳೀಬಹುದು. ಮೌಸ್ ಅಲ್ಲಾಡಿಸಿದ್ರೆ ಕಿರ್ರ್ ಅನ್ನೋದು ಕೇಳಿದ್ದೀರಾ? ಅದೇ. ಚಾರ್ಜರ್ ಇಲ್ದೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿದ್ರೆ ಲೂಪೇ ಇರಲ್ಲ, ಎಂಜಿನ್ ಚಾಲೂ ಇದ್ರೂ ಬಂದ್ ಆದ್ರೂ ಸರಿ.

ನಾಕ್ನೇ ಗೇರು:
ಅಂದ್ರ ನಾ ಮೊದಲ ಹೇಳಿದ್ದ ಖರೇ ಆತಲ್ರೀ 😄

ಬೆಸುಗೆಕಡ್ಡಿ:
ಚಾರ್ಜರ್ ಬೇಕೇ ಬೇಕು ಅನ್ನೋರಿಗೆ ಇನ್ನೊಂದು ದಾರಿ ಇದೆ, ಯಾರೂ ಹೇಳ್ಲಿಲ್ಲ. ಇನ್ವರ್ಟರ್. 12 ವೋಲ್ಟನ್ನ ಎಸಿ ಮಾಡಿ, ಲ್ಯಾಪ್‌ಟಾಪಿನ ಜೊತೆ ಬಂದ ಮಾಮೂಲಿ ಅಡಾಪ್ಟರ್ ಅದಕ್ಕೆ ಹಾಕಿ.

ಕೇಳಿದೋರೆಲ್ಲ ನಗ್ತಾರೆ: ಡಿಸಿಯಿಂದ ಎಸಿ, ಮತ್ತೆ ಎಸಿಯಿಂದ ಡಿಸಿ, ಎರಡು ಸಲ ನಷ್ಟ ಅಂತ. ನಷ್ಟ ನಿಜ. ಆದ್ರೆ ಆ ಅಡಾಪ್ಟರಿನೊಳಗೆ ಟ್ರಾನ್ಸ್‌ಫಾರ್ಮರ್ ಇದೆ, ಒಳಬದಿಗೂ ಹೊರಬದಿಗೂ ನೇರ ಸಂಪರ್ಕ ಇಲ್ಲ. ಕಾರಿನ ಸಾಕೆಟ್ಟಿಗೆ ಹಾಕೋ ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ, 12ನ್ನ 19ಕ್ಕೋ 20ಕ್ಕೋ ಎತ್ತೋದು ಅಷ್ಟೇ, ಮೈನಸ್ ಮಾತ್ರ ನೇರ ಪಾರಾಗುತ್ತೆ. ಯುಎಸ್‌ಬಿ-ಸಿ ಕಾರ್ ಚಾರ್ಜರ್ ಕಥೆಯೂ ಹೆಚ್ಚು ಕಡಿಮೆ ಅಷ್ಟೇ. 20 ವೋಲ್ಟ್ 5 ಆಂಪಿಯರ್, 100 ವ್ಯಾಟ್ ಅಂತ ಬರೆದಿದ್ರೂ ಗ್ರೌಂಡ್ ಅದೇ ಗ್ರೌಂಡ್.

ಒಂದು ಷರತ್ತು. ಅಡಾಪ್ಟರಿನ ಪ್ಲಗ್ಗಲ್ಲಿ ಅರ್ತ್ ಪಿನ್ ಇದ್ದು, ಇನ್ವರ್ಟರಿನ ಅರ್ತ್ ಕಾರಿನ ಬಾಡಿಗೆ ಸೇರಿದ್ರೆ ಲೂಪ್ ಮತ್ತೆ ಹುಟ್ಟುತ್ತೆ. ಎರಡೇ ಪಿನ್ನಿನ ಅಡಾಪ್ಟರ್ ಆದ್ರೆ ಆ ತಲೆನೋವಿಲ್ಲ.

ತಂತಿಗಾರ:
ಒಳ್ಳೇ ಮಾತು. ಆದ್ರೆ ಸಾಕೆಟ್ಟಿನ ಫ್ಯೂಸ್ ನೋಡ್ಕೊಳ್ಳಿ. 10 ಆಂಪಿಯರ್ ಫ್ಯೂಸಿಗೆ 12 ವೋಲ್ಟಲ್ಲಿ 120 ವ್ಯಾಟೇ ಮಿತಿ. ಮಾಡಿಫೈಡ್ ಸೈನ್ ಇನ್ವರ್ಟರ್ (ನಯವಾದ ಅಲೆ ಬದಲು ಮೆಟ್ಟಿಲಿನ ಥರದ ಎಸಿ ಕೊಡೋದು) ಆದ್ರೆ ಅಡಾಪ್ಟರಿನೊಳಗಿನ ಚಿಕ್ಕ ಕೆಪಾಸಿಟರ್‌ಗಳ ಮೂಲಕ ಸೋರೋ ಕರೆಂಟು ಸಣ್ಣ ಜುಂಯ್ ಕೊಡಬಹುದು. ಪ್ಯೂರ್ ಸೈನ್ ಉತ್ತಮ.

ನಾಕ್ನೇ ಗೇರು:
ಹಾಡ್ ಕೇಳಾಕ ಕಾರಿನ್ಯಾಗ ಪವರ್ ಸ್ಟೇಷನ್ ಕಟ್ಟೂದು ಬಂತು ನೋಡ್ರಿ.

ಅಕ್ಕನ ಕಾರು:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮ ಕಾರಲ್ಲಿ ಆಕ್ಸ್ ಹಾಕಿದ್ರೆ ವಾದ್ಯ ಎಲ್ಲ ಕೇಳುತ್ತೆ, ಹಾಡೋರ ದನಿ ಮಾತ್ರ ಮಾಯ! ಒಂದು ಥರ ಗುಹೆಯೊಳಗೆ ಕೂತು ಹಾಡಿದ ಹಾಗೆ. ಇದೂ ಗ್ರೌಂಡ್ ಲೂಪಾ?

ಬೆಸುಗೆಕಡ್ಡಿ:
ಲೂಪ್ ಅಲ್ಲ ಮೇಡಂ, ಉಲ್ಟಾ. ನಿಮಗೆ ಗ್ರೌಂಡೇ ಸಿಗ್ತಿಲ್ಲ. ಗ್ರೌಂಡ್ ತಂತಿ ಬಿಟ್ಟಿದ್ರೆ ಎಡ ಬಲ ಎರಡರ ವ್ಯತ್ಯಾಸ ಮಾತ್ರ ಕೇಳುತ್ತೆ. ಹಾಡೋರ ದನಿ ಸಾಮಾನ್ಯವಾಗಿ ಎರಡರಲ್ಲೂ ಒಂದೇ ಸಮ ಇರುತ್ತೆ, ಹಾಗಾಗಿ ಕಳೆದುಹೋಗುತ್ತೆ. ಪ್ಲಗ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ, ಕವರಿನ ದಪ್ಪ ಅಡ್ಡ ಬಂದು ಅರ್ಧ ಮಿಲಿಮೀಟರ್ ಹೊರಗೆ ಉಳಿದ್ರೂ ಸಾಕು. ಪ್ಲಗ್ಗಿನ ಮೇಲೆ ಕಪ್ಪು ಪಟ್ಟಿ ಎಷ್ಟಿವೆ ಅಂತಲೂ ಎಣಿಸಿ. ಎರಡಿದ್ರೆ ಸ್ಟೀರಿಯೋ, ಮೂರಿದ್ರೆ ಮೈಕೂ ಸೇರಿದ್ದು. ಮೂರು ಪಟ್ಟಿಯ ಕೇಬಲ್ ಕೆಲವು ಡೆಕ್ಕಿನ ಜ್ಯಾಕಲ್ಲಿ ಸರಿಯಾಗಿ ಕೂರಲ್ಲ. ಆಕ್ಸಿಗೆ ಎರಡು ಪಟ್ಟಿಯದ್ದೇ ತಗೊಳ್ಳಿ.

ಅಕ್ಕನ ಕಾರು:
ಮೂರು ಪಟ್ಟಿ!! ಹಳೇ ಹೆಡ್‌ಸೆಟ್ಟಿನ ಎಕ್ಸ್‌ಟೆನ್ಷನ್ ಕೇಬಲ್ ಅದು. ಬದಲಾಯಿಸಿ ಹೇಳ್ತೀನಿ.

ಪೆನ್‌ಡ್ರೈವ್ ಪಾರ್ಟಿ:
ದನಿ ಇಲ್ಲದ ಹಾಡು ಪುಕ್ಕಟೆ ಕ್ಯಾರಿಯೋಕೆ ಮೇಡಂ, ಕೇಬಲ್ ಬಿಸಾಕ್ಬೇಡಿ.

ಎಡಗಡೆ ಸೀಟು:
ಯುಎಸ್‌ಬಿ ವಿಷಯ ಯಾರೂ ಹೇಳ್ಲೇ ಇಲ್ಲ. ಇಬ್ಬರಲ್ಲೂ ಯುಎಸ್‌ಬಿ ಇದ್ದು ಯಾಕೆ ಆಗುವುದಿಲ್ಲ? ನನಗೂ ಅದೇ ಸಂಶಯ ಉಂಟು.

ಬೆಸುಗೆಕಡ್ಡಿ:
ಯುಎಸ್‌ಬಿಯಲ್ಲಿ ಒಬ್ಬ ಹೋಸ್ಟ್, ಇನ್ನೊಬ್ಬ ಸಾಧನ. ಹೋಸ್ಟ್ ಕೇಳುತ್ತೆ, ಸಾಧನ ಉತ್ತರ ಕೊಡುತ್ತೆ. ಲ್ಯಾಪ್‌ಟಾಪೂ ಹೋಸ್ಟ್, ಡೆಕ್ಕೂ ಹೋಸ್ಟ್. ಎರಡೂ ಕಡೆ ಮಾವಂದಿರೇ ಕೂತು ಅಳಿಯ ಬರಲಿ ಅಂತ ಕಾದ ಹಾಗೆ, ಯಾರೂ ಏಳಲ್ಲ. ಡೆಕ್ಕು ಕಾಯ್ತಿರೋದು ಪೆನ್‌ಡ್ರೈವಿಗೋ ಫೋನಿಗೋ.

ಮಾಣಿಯವರೇ, ಆ ಎರಡೂ ಕಡೆ ಒಂದೇ ಪ್ಲಗ್ಗಿನ ಕೇಬಲ್ ಮತ್ತೆ ಹಾಕ್ಬೇಡಿ. ಎರಡೂ ತುದಿಯಿಂದ 5 ವೋಲ್ಟ್ ಬರುತ್ತೆ, ಒಂದರ ಸರ್ಕ್ಯೂಟು ಇನ್ನೊಂದರ ಮೇಲೆ ತಳ್ಳುತ್ತೆ. ಪೋರ್ಟ್ ಹೋಗಬಹುದು.

ಗಡಸುತಟ್ಟೆ:
ಇದಕ್ಕೊಂದು ಕಳ್ಳದಾರಿ ಇದೆ, ನಾನು ಬಳಸ್ತಿರೋದು ಅದೇ. ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್. ಅದರ ಯುಎಸ್‌ಬಿ ಪೋರ್ಟು ಸಾಧನದ ವೇಷವನ್ನೂ ಹಾಕಬಲ್ಲದು. ಗ್ಯಾಜೆಟ್ ಮೋಡ್ ಅಂತಾರೆ. ಒಳಗೊಂದು ದೊಡ್ಡ ಇಮೇಜ್ ಫೈಲ್ ಮಾಡಿ ಅದನ್ನೇ ಪೆನ್‌ಡ್ರೈವ್ ಅಂತ ತೋರಿಸಿದ್ರೆ ಡೆಕ್ಕು ನಂಬುತ್ತೆ. ವೈಫೈ ಇರೋ ಮಾದರಿ ಆದ್ರೆ ಲ್ಯಾಪ್‌ಟಾಪಿನಿಂದ ಹಾಡನ್ನ ಗಾಳಿಯಲ್ಲೇ ಅದಕ್ಕೆ ಕಳಿಸಬಹುದು. ಕೆಳಗಿಳಿಯೋದು, ಹತ್ತೋದು ಇಲ್ಲ.

ಆದ್ರೆ ಹುಷಾರು. ಡೆಕ್ಕು ಓದ್ತಾ ಇರೋವಾಗ ಪೈ ಕಡೆಯಿಂದ ಅದೇ ಇಮೇಜಿಗೆ ಬರೆದ್ರೆ ಎಫ್‌ಎಟಿ ಪಟ್ಟಿ (ಯಾವ ಫೈಲ್ ಎಲ್ಲಿದೆ ಅನ್ನೋ ದಾಖಲೆ) ಹಾಳಾಗುತ್ತೆ. ಡೆಕ್ಕಿಗೆ ಒಳಗೆ ಏನಾಯ್ತು ಅಂತಲೂ ಗೊತ್ತಾಗಲ್ಲ, ಹಳೇ ಪಟ್ಟಿಯನ್ನೇ ನೆನಪಲ್ಲಿ ಇಟ್ಕೊಂಡಿರುತ್ತೆ. ಮೊದಲು 'ಪೆನ್‌ಡ್ರೈವ್' ಕಿತ್ತ ಹಾಗೆ ಮಾಡಿ, ಬರೆದು, ಮತ್ತೆ ಚುಚ್ಚಿದ ಹಾಗೆ ಮಾಡ್ಬೇಕು. ಒಂದು ಚಿಕ್ಕ ಸ್ಕ್ರಿಪ್ಟ್ ಸಾಕು.

ಪೆನ್‌ಡ್ರೈವ್ ಪಾರ್ಟಿ:
ಕೊನೆಗೂ ಪೆನ್‌ಡ್ರೈವೇ ಗೆದ್ದಿತು 💪

ಗಡಸುತಟ್ಟೆ:
ವೇಷದ ಪೆನ್‌ಡ್ರೈವ್. ಗೆಲುವು ಅರ್ಧ ಮಾತ್ರ.

ಮಿಕ್ಸಿಂಗ್ ಮಾಣಿ:
ಪೈ ಉಪಾಯ ಚೆನ್ನಾಗಿದೆ, ಆದ್ರೂ ಪ್ರತಿ ಸಲ ರೆಂಡರ್ ಮಾಡ್ಲೇಬೇಕಲ್ಲ. ಫೇಡರ್ (ಮಟ್ಟ ಏರಿಳಿಸೋ ಗುಂಡಿ) ಎಳೆದ ತಕ್ಷಣ ಕೇಳ್ಬೇಕು ನನಗೆ. ಬ್ಲೂಟೂತ್ ಯಾಕೆ ಫೋನ್ ಥರ ಕೇಳುತ್ತೆ, ಅದು ಗೊತ್ತಾದ್ರೆ ತಂತಿಯೇ ಬೇಡ.

ಗಾಳಿಮಾತು:
ಕಾರಿನ ಡೆಕ್ಕು ಲ್ಯಾಪ್‌ಟಾಪಿಗೆ ಎರಡು ಮುಖ ತೋರಿಸುತ್ತೆ. ಒಂದು ಹಾಡು ಕೇಳೋದಕ್ಕೆ, ಎ2ಡಿಪಿ. ಇನ್ನೊಂದು ಕರೆಗೆ, ಹ್ಯಾಂಡ್ಸ್‌ಫ್ರೀ. ಹ್ಯಾಂಡ್ಸ್‌ಫ್ರೀ ಅಂದ್ರೆ ಮೋನೋ, ಸ್ಯಾಂಪಲ್ ದರ 8 ಕಿಲೋಹರ್ಟ್ಸ್, ಸ್ವಲ್ಪ ಹೊಸದಾದ್ರೆ 16. ನಿಮ್ಮ ಮಿಕ್ಸಿಂಗ್ ಸಾಫ್ಟ್‌ವೇರ್ ತೆರೆದ ಕೂಡ್ಲೇ ಮೈಕ್ ಬೇಕು ಅಂತ ಕೇಳುತ್ತೆ, ಮೈಕ್ ಅಂದ್ರೆ ಕಾರಿನ ಮೈಕ್ ಅಂತ ಲ್ಯಾಪ್‌ಟಾಪ್ ಅಂದ್ಕೊಳ್ಳುತ್ತೆ, ಪೂರ್ತಿ ಸಂಪರ್ಕ ಕರೆಯ ಮುಖಕ್ಕೆ ತಿರುಗುತ್ತೆ.

ವಿಂಡೋಸ್ ಆದ್ರೆ ಹಳೇ ಕಂಟ್ರೋಲ್ ಪ್ಯಾನಲಲ್ಲಿ 'ಡಿವೈಸಸ್ ಆಂಡ್ ಪ್ರಿಂಟರ್ಸ್' ತೆಗೆದು, ಕಾರಿನ ಡೆಕ್ಕಿನ ಪ್ರಾಪರ್ಟೀಸ್, ಸರ್ವಿಸಸ್, ಅಲ್ಲಿ 'ಹ್ಯಾಂಡ್ಸ್‌ಫ್ರೀ ಟೆಲಿಫೋನಿ' ಟಿಕ್ ತೆಗೀರಿ. ಮ್ಯಾಕ್ ಆದ್ರೆ ಇನ್‌ಪುಟ್ಟನ್ನ ಒಳಗಿನ ಮೈಕಿಗೆ ಬದಲಾಯಿಸಿ. ಲಿನಕ್ಸಲ್ಲಿ ಪ್ರೊಫೈಲನ್ನ ಎ2ಡಿಪಿಗೆ ಇಡಿ. ಸಾಫ್ಟ್‌ವೇರಿನ ಒಳಗೂ ಇನ್‌ಪುಟ್ ಆಫ್ ಮಾಡಿ.

ಹಳೇ ಡೆಕ್ಕು:
ಬ್ಲೂಟೂತಲ್ಲಿ ಮಿಕ್ಸ್ ಪರೀಕ್ಷೆಯಾ? ಎಸ್‌ಬಿಸಿ ಕೋಡೆಕ್ ಅದು, ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತೆ. ತಂತಿಗೆ ಸಮ ಬರಲ್ಲ.

ಗಾಳಿಮಾತು:
ಹಿಪ್ಪೆ ಅನ್ನೋದು ಅತಿ ಆಯ್ತು. ಎಸ್‌ಬಿಸಿ ಉತ್ತಮ ಗುಣಮಟ್ಟದಲ್ಲಿ 44.1 ಕಿಲೋಹರ್ಟ್ಸಿಗೆ 328 ಕೆಬಿಪಿಎಸ್. ಕಾರಿನ ಟೈರ್ ಸದ್ದಲ್ಲಿ, ಬಾಗಿಲೊಳಗಿನ ಸ್ಪೀಕರಲ್ಲಿ, ವ್ಯತ್ಯಾಸ ಹಿಡಿಯೋರು ಬಂದು ಹೇಳ್ಲಿ. ಬೇಸೂ ದನಿಯೂ ಯಾವ ಪ್ರಮಾಣದಲ್ಲಿದೆ ಅನ್ನೋದಕ್ಕೆ ಇದು ಧಾರಾಳ ಸಾಕು. ತೊಂದರೆ ಇರೋದು ತಡದಲ್ಲಿ. 100ರಿಂದ 250 ಮಿಲಿಸೆಕೆಂಡ್ ತಡ ಸಾಮಾನ್ಯ. ಫೇಡರ್ ಎಳೆದ್ರೆ ಕಾಲು ಸೆಕೆಂಡ್ ಆದ್ಮೇಲೆ ಕೇಳುತ್ತೆ. ಅದಕ್ಕೆ ಒಗ್ಗಿಕೊಂಡ್ರೆ ಸರಿ, ಇಲ್ಲಾಂದ್ರೆ ಆಕ್ಸೇ ಗತಿ. ಒಂದು ಲಾಭ ಮಾತ್ರ ಇದೆ: ತಂತಿಯೇ ಇಲ್ಲ, ಹಾಗಾಗಿ ಚಾರ್ಜರ್ ಚುಚ್ಚಿದ್ರೂ ತಂತಿಗಾರ್ರ ಲೂಪ್ ಹುಟ್ಟಲ್ಲ.

ತಂತಿಗಾರ:
ಲೂಪ್ ನನ್ನದಲ್ಲ ಸ್ವಾಮಿ, ನಿಮ್ಮ ಕಾರಿನದ್ದು.

ಹಳೇ ಡೆಕ್ಕು:
ಆಕ್ಸೇ ಇಲ್ಲದ ಕಾಲದಲ್ಲಿ ನಾವು ಕ್ಯಾಸೆಟ್ ಅಡಾಪ್ಟರ್ ಹಾಕ್ತಿದ್ವಿ. ಕ್ಯಾಸೆಟ್ ಆಕಾರದ ಚಿಪ್ಪು, ಒಳಗೆ ಟೇಪ್ ಇಲ್ಲ, ಒಂದು ಹೆಡ್ಡು ಮಾತ್ರ. ಆ ಹೆಡ್ಡು ಡೆಕ್ಕಿನ ಹೆಡ್ಡಿಗೆ ಎದುರಾಗಿ ಕೂತು ಹಾಡು ದಾಟಿಸ್ತಿತ್ತು. ಆಟೋರಿವರ್ಸ್ ಇರೋ ಡೆಕ್ಕು ಟೇಪ್ ಮುಗೀತು ಅಂದ್ಕೊಂಡು ಟಕ್ ಟಕ್ ಅಂತ ಪಕ್ಕ ಬದಲಾಯಿಸ್ತಾ ಇರೋದು, ಒಳಗಿನ ಹಲ್ಲುಚಕ್ರ ಕಿತ್ತುಹಾಕಿದ್ರೂ ಕೇಳ್ತಿರಲಿಲ್ಲ. ಅದರ ಮುಂದೆ ಎಫ್‌ಎಂ ಟ್ರಾನ್ಸ್‌ಮಿಟರ್ ಎಷ್ಟೋ ಕೆಳಗೆ.

ಎಡಗಡೆ ಸೀಟು:
ಎಫ್‌ಎಂ ಟ್ರಾನ್ಸ್‌ಮಿಟರ್ ಎಂತ ಕಮ್ಮಿ? ನಾನು ಅದರಲ್ಲೇ ಕೇಳುವುದು. 88ರಿಂದ 108ರ ಒಳಗೆ ಖಾಲಿ ಜಾಗ ಹುಡುಕಿದ್ರೆ ಆಯ್ತು.

ಹಳೇ ಡೆಕ್ಕು:
ಖಾಲಿ ಜಾಗ ಸಿಕ್ಕಿ ಸ್ವಲ್ಪ ದೂರ ಹೋಗೋಷ್ಟರಲ್ಲಿ ಅಲ್ಲೊಂದು ಸ್ಟೇಷನ್ ಹುಟ್ಟುತ್ತೆ. ಅಷ್ಟೇ ಅಲ್ಲ, ಎಫ್‌ಎಂ ಸ್ಟೀರಿಯೋದಲ್ಲಿ 19 ಕಿಲೋಹರ್ಟ್ಸಿಗೆ, ಇದು ಸ್ಟೀರಿಯೋ ಅಂತ ರೇಡಿಯೋಗೆ ತಿಳಿಸೋ ಪೈಲಟ್ ಸಿಗ್ನಲ್ ಇದೆ, ಅದಕ್ಕೆ ಹಾಡನ್ನ 15ಕ್ಕೇ ಕತ್ತರಿಸ್ತಾರೆ. ಮಿಕ್ಸಿನ ಮೇಲ್ಗಡೆ ನೋಡೋರಿಗೆ ಆಗಲ್ಲ.

ಗಾಳಿಮಾತು:
15ರ ಮೇಲಿನದ್ದು ನಮ್ಮ ವಯಸ್ಸಿಗೆ ಕೇಳಲ್ಲ ಬಿಡಿ ಸರ್ 😂

ನಾಕ್ನೇ ಗೇರು:
ನಂದೊಂದ್ ಐಡಿಯಾ ಐತ್ರಿ. ಡೆಕ್ಕಿನ ತಂಟೆನ ಬ್ಯಾಡ. ಬಾಗಲದಾಗಿನ ಸ್ಪೀಕರ್ ವೈರ್ ಎರಡ್ ತಗದ್, 3.5 ಎಂಎಂ ಪಿನ್ನಿಗೆ ಬೆಸದ್, ಸೀದಾ ಲ್ಯಾಪ್‌ಟಾಪಿಗೆ ಚುಚ್ಚಿದ್ರ?

ಬೆಸುಗೆಕಡ್ಡಿ:
ಅಯ್ಯೋ ಬೇಡ್ರೀ! ಡೆಕ್ಕು ಕೂಡ ಆ ವೈರಿಗೆ ಸೇರಿದ್ರೆ ಲ್ಯಾಪ್‌ಟಾಪಿನ ಜ್ಯಾಕ್ ಸತ್ತೇ ಹೋಗುತ್ತೆ. ಕಾರಿನ ಡೆಕ್ಕಲ್ಲಿ ಒಂದೊಂದು ಸ್ಪೀಕರಿಗೆ ಎರಡು ಆಂಪ್ಲಿಫಯರ್ ಎದುರುಬದುರು ಕೆಲಸ ಮಾಡ್ತವೆ. ಎರಡು ತಂತಿಯಲ್ಲಿ ಯಾವುದೂ ಗ್ರೌಂಡ್ ಅಲ್ಲ, ಹಾಡು ಇಲ್ಲದಾಗಲೂ ಎರಡರಲ್ಲೂ ಬ್ಯಾಟರಿಯ ಸುಮಾರು ಅರ್ಧ ವೋಲ್ಟೇಜ್ ಕೂತಿರುತ್ತೆ. ಅದನ್ನ ಬಾಡಿಗೆ ಮುಟ್ಟಿಸಿದ್ರೆ ಡೆಕ್ಕಿಗೂ ಅಪಾಯ. ಡೆಕ್ಕಿನ ಸಂಪರ್ಕ ಕಿತ್ತು ಹಾಕಿದ್ರೂ 4 ಓಮಿನ ಸ್ಪೀಕರ್ ತಳ್ಳೋ ಶಕ್ತಿ ಹೆಡ್‌ಫೋನ್ ಜ್ಯಾಕಿಗಿಲ್ಲ.

ನಾಕ್ನೇ ಗೇರು:
ಕೇಳಿದ್ದ ಚಲೋ ಆತು. ಹಂಗಾರ ನನ್ನ ಡೆಕ್ಕಿನ ಮ್ಯಾಲೆ 50 ವ್ಯಾಟ್ x 4 ಅಂತ ಬರದಾರಲ್ಲ, 200 ವ್ಯಾಟ್ ಅಷ್ಟೂ ಆ ಸಣ್ಣ ಪೆಟಗ್ಯಾಗಿಂದ ಬರ್ತೈತೇನ್ರಿ?

ತಂತಿಗಾರ:
ಬರಲ್ಲ. 14.4 ವೋಲ್ಟ್, 4 ಓಮ್. ಪೂರ್ತಿ ಒಡೆದುಹೋದ ಚೌಕಾಕಾರದ ತರಂಗ ಕೊಟ್ರೆ 14.4 x 14.4 / 4, ಅಂದ್ರೆ ಸುಮಾರು 52 ವ್ಯಾಟ್. ಡಬ್ಬಿ ಮೇಲಿನ 50 ಹುಟ್ಟಿದ್ದು ಅಲ್ಲಿಂದ. ಸರಿಯಾದ ಸೈನ್ ತರಂಗಕ್ಕೆ ಅದರ ಅರ್ಧ, 26, ಅದೂ ಒಳಗೆ ಏನೂ ನಷ್ಟ ಆಗದಿದ್ರೆ. ನಿಜದಲ್ಲಿ 20ರ ಆಸುಪಾಸು.

ಪೆನ್‌ಡ್ರೈವ್ ಪಾರ್ಟಿ:
ಅಂದ್ರೆ 50 ವ್ಯಾಟಲ್ಲಿ ಹಾಡಲ್ಲ, ಬರೀ ಕಿರುಚಾಟ.

ಗಡಸುತಟ್ಟೆ:
ಲ್ಯಾಪ್‌ಟಾಪ್ ಹೊತ್ತು ತರೋದೇ ಬೇಡ ಅಂತ ಡಿಕ್ಕಿಯಲ್ಲಿ ಒಂದು ಚಿಕ್ಕ ಪಿಸಿ ಕಾಯಂ ಕೂರಿಸೋ ಯೋಚನೆ ಯಾರಿಗಾದ್ರೂ ಇದ್ರೆ ಪವರ್ ಸಪ್ಲೈ ಬಗ್ಗೆ ಮಾತ್ರ ಜಿಪುಣತನ ಬೇಡ. ಸ್ಟಾರ್ಟರ್ ತಿರುಗೋವಾಗ ಬ್ಯಾಟರಿ 6-7 ವೋಲ್ಟಿಗೂ ಇಳೀಬಹುದು, ಸಾದಾ ಕನ್ವರ್ಟರ್ ಹಾಕಿದ್ರೆ ಪಿಸಿ ಅಲ್ಲೇ ರೀಸ್ಟಾರ್ಟ್. 6ರಿಂದ 30 ವೋಲ್ಟ್ ತಗೊಳ್ಳೋ, ಕೀಲಿ ತೆಗೆದಿದ್ದನ್ನ ತಿಳಿದು ನಿಧಾನ ಶಟ್‌ಡೌನ್ ಮಾಡೋ ಸಪ್ಲೈಗಳಿವೆ. ಬೇರೆಯಾಗಿ ಕೊಂಡ ಡೆಕ್ಕಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಯಾವಾಗಲೂ 12 ವೋಲ್ಟ್, ಕೆಂಪು ಎಸಿಸಿ, ಕಪ್ಪು ಗ್ರೌಂಡ್. ಪಿಸಿಯನ್ನ ಸ್ಲೀಪಲ್ಲಿ ಇಟ್ಟು ಹಳದಿಗೆ ಕಟ್ಟಿದ್ರೆ, 200 ಮಿಲಿಆಂಪಿಯರ್ ಅಂದ್ರೂ ದಿನಕ್ಕೆ 4.8 ಆಂಪಿಯರ್-ಅವರ್ ಹೋಯ್ತು. 45ರ ಬ್ಯಾಟರಿ ಐದು ದಿನ ನಿಂತ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ.

ಅಕ್ಕನ ಕಾರು:
ಎರಡು ಪಟ್ಟಿ ಕೇಬಲ್ ಹಾಕ್ದೆ, ದನಿ ಬಂತು!! ಬೆಸುಗೆಕಡ್ಡಿಯವರಿಗೆ ದೊಡ್ಡ ಥ್ಯಾಂಕ್ಸ್.

ಆಮೇಲೆ ಒಂದು ಮಾತು, ಯಾರೂ ಎತ್ತಿಲ್ಲ. ಓಡೋ ಕಾರಲ್ಲಿ ಲ್ಯಾಪ್‌ಟಾಪನ್ನ ಮುಂದಿನ ಸೀಟಲ್ಲಿ ತೊಡೆ ಮೇಲೆ ಇಟ್ಕೊಂಡ್ರೆ ಏರ್‌ಬ್ಯಾಗ್ ಬಿಚ್ಚಿದಾಗ ಅದು ನೇರ ಮುಖಕ್ಕೆ ಬರುತ್ತೆ. ಡ್ಯಾಶ್‌ಬೋರ್ಡ್ ಮೇಲಂತೂ ಬೇಡವೇ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಬಿಟ್ಟು ಹೋಗೋದೂ ಬ್ಯಾಟರಿಗೆ ಒಳ್ಳೇದಲ್ಲ.

ಎಡಗಡೆ ಸೀಟು:
ಸರಿಯಾಗಿ ಹೇಳಿದ್ರಿ ಅಕ್ಕ. ಕೇಳುವುದು ನಿಂತ ಗಾಡಿಯಲ್ಲಿ.

ಮಿಕ್ಸಿಂಗ್ ಮಾಣಿ:
ಎಲ್ಲರಿಗೂ ಧನ್ಯವಾದ. ಪರೀಕ್ಷೆ ಮಾಡ್ದೆ. ಚಾರ್ಜರ್ ಕಿತ್ತ ತಕ್ಷಣ ಕುಂಯ್ ಪೂರ್ತಿ ಬಂದ್, ಎಂಜಿನ್ ಚಾಲೂ ಇದ್ರೂ. ಮೌಸ್ ಸದ್ದೂ ಹೋಯ್ತು. ಬ್ಲೂಟೂತಲ್ಲಿ ಹ್ಯಾಂಡ್ಸ್‌ಫ್ರೀ ಟಿಕ್ ತೆಗೆದ್ಮೇಲೆ ಸ್ಟೀರಿಯೋ ಬಂತು, ಆದ್ರೆ ಆ ತಡ ನನಗೆ ಒಗ್ಗಲಿಲ್ಲ. ಹಾಗಾಗಿ ಆಕ್ಸ್, ಬ್ಯಾಟರಿ, ನಿಂತ ಕಾರು. ಬ್ಯಾಟರಿ ಮುಗಿಯೋ ದಿನಕ್ಕೆ ಇನ್ವರ್ಟರ್ ನೋಡ್ತೀನಿ, ನನ್ನ ಅಡಾಪ್ಟರ್ ಎರಡೇ ಪಿನ್ನಿನದ್ದು.

ಈಗ ಹೊಸ ಸಮಸ್ಯೆ. ಲ್ಯಾಪ್‌ಟಾಪಲ್ಲಿ ವಾಲ್ಯೂಮ್ ಪೂರ್ತಿ ಇಟ್ರೆ ಡ್ರಮ್ ಹೊಡೆತ ಬಂದಾಗೆಲ್ಲ ಒಡಕು. ಡೆಕ್ಕಿನ ವಾಲ್ಯೂಮ್ ಕಮ್ಮಿಯೇ ಇದೆ.

ತಂತಿಗಾರ:
ಡೆಕ್ಕಿನ ಆಕ್ಸ್ ಒಳಗಿನ ಮೊದಲ ಹಂತವೇ ತುಂಬಿ ಹೋಗ್ತಿದೆ. ಹೆಡ್‌ಫೋನ್ ಜ್ಯಾಕು 1 ವೋಲ್ಟಿನ ತನಕ ಕೊಡಬಲ್ಲದು, ಕೆಲವು ಆಕ್ಸ್‌ಗಳಿಗೆ ಅದು ಜಾಸ್ತಿ. ಅಲ್ಲಿ ಒಡೆದದ್ದನ್ನ ಆಮೇಲೆ ಡೆಕ್ಕಿನ ವಾಲ್ಯೂಮ್ ಎಷ್ಟು ಇಳಿಸಿದ್ರೂ ಒಡೆದ ಹಾಗೇ ಕೇಳುತ್ತೆ. ಲ್ಯಾಪ್‌ಟಾಪಿನದ್ದನ್ನ ಒಡಕು ಹೋಗೋ ತನಕ ಇಳಿಸಿ, ಅಲ್ಲಿಂದ ಇನ್ನೂ ಸ್ವಲ್ಪ ಕೆಳಗೆ ಇಟ್ಟು, ಉಳಿದದ್ದನ್ನ ಡೆಕ್ಕಲ್ಲಿ ಏರಿಸಿ. ಕೆಲವು ಡೆಕ್ಕಲ್ಲಿ ಆಕ್ಸ್ ಲೆವೆಲ್ ಅಂತಲೇ ಒಂದು ಸೆಟ್ಟಿಂಗ್ ಇರುತ್ತೆ, ನೋಡಿ.

ಗಾಳಿಮಾತು:
ಲ್ಯಾಪ್‌ಟಾಪಿನ 'ಆಡಿಯೋ ಎನ್‌ಹಾನ್ಸ್‌ಮೆಂಟ್' ಎಲ್ಲ ಆಫ್ ಮಾಡಿ. ಡೆಕ್ಕಿನ ಲೌಡ್‌ನೆಸ್, ಬೇಸ್ ಬೂಸ್ಟ್, ಈಕ್ವಲೈಸರ್ ಎಲ್ಲ ಸೊನ್ನೆಗೆ. ಇಲ್ಲಾಂದ್ರೆ ಡೆಕ್ಕಿನ ಬೇಸಿಗೆ ಹೆದರಿ ಮಿಕ್ಸಿನ ಬೇಸ್ ಕತ್ತರಿಸ್ತೀರಿ.

ಹಳೇ ಡೆಕ್ಕು:
ಆಫ್ ಮಾಡಿದ್ರೂ ಕಾರಲ್ಲಿ ಬೇಸ್ ಜಾಸ್ತಿಯೇ. ಮುಚ್ಚಿದ ಚಿಕ್ಕ ಜಾಗ ಅದು. ಒಳಗಿನ ಉದ್ದ ಎರಡೂವರೆ ಮೀಟರ್ ಅಂದ್ರೆ ಸುಮಾರು 70 ಹರ್ಟ್ಸಿನ ಕೆಳಗೆ ಅಲೆ ಓಡಾಡೋಕೆ ಜಾಗವೇ ಸಾಲಲ್ಲ, ಇಡೀ ಕ್ಯಾಬಿನ್ನಿನ ಗಾಳಿ ಒಟ್ಟಿಗೆ ಒತ್ತಡಕ್ಕೆ ಸಿಗುತ್ತೆ, ಕೆಳಗಿಳಿದಷ್ಟೂ ಬೇಸ್ ಏರುತ್ತೆ. ಕಿಟಕಿ ಇಳಿಸಿ ಕೇಳಿ, ಬೇಸ್ ಸೋರಿ ಹೋಗೋದು ಗೊತ್ತಾಗುತ್ತೆ. ಹಾಗಂತ ಮಿಕ್ಸಲ್ಲಿ ಪೂರ್ತಿ ಕಡಿಬೇಡಿ, ಗಾಡಿ ಓಡೋವಾಗ ಟೈರಿನ ಗುಂಯ್‌ಗುಟ್ಟೋ ಸದ್ದು ಅದೇ ಬೇಸನ್ನ ನುಂಗುತ್ತೆ. ನಿಮಗೆ ಚೆನ್ನಾಗಿ ಗೊತ್ತಿರೋ, ಬೇರೆಯವರು ಮಿಕ್ಸ್ ಮಾಡಿದ ಒಂದು ಹಾಡನ್ನ ಅದೇ ವಾಲ್ಯೂಮಲ್ಲಿ ಮೊದಲು ಹಾಕಿ ಕೇಳಿ, ಆಮೇಲೆ ನಿಮ್ಮದು.

ಮಿಕ್ಸಿಂಗ್ ಮಾಣಿ:
ಈ ಕ್ಯಾಬಿನ್ ವಿಷಯ ಗೊತ್ತೇ ಇರ್ಲಿಲ್ಲ. ನಾಳೆ ಕಿಟಕಿ ಇಳಿಸಿ, ಏರಿಸಿ ಎರಡೂ ಥರ ಕೇಳ್ತೀನಿ.

ನಾಕ್ನೇ ಗೇರು:
ಪೆನ್‌ಡ್ರೈವ್ ಪಾರ್ಟಿ ಅವ್ರ, ನಿಮಗೊಂದ್ ಪ್ರಶ್ನಿ. ನಾ ಹಾಡಿಗೆ ನಂಬರ್ ಹಚ್ಚಿ ಪೆನ್‌ಡ್ರೈವಿಗೆ ಹಾಕೇನಿ, ಡೆಕ್ಕು ಯದ್ವಾತದ್ವಾ ಬಾರಸ್ತೈತಿ. 1 ಆದ ಮ್ಯಾಲೆ 7, ಆಮ್ಯಾಲೆ 3. ಯಾಕ್ರಿ?

ಪೆನ್‌ಡ್ರೈವ್ ಪಾರ್ಟಿ:
ಕೊನೆಗೂ ನನ್ನ ಸರದಿ ಬಂತು! ಅನೇಕ ಡೆಕ್ಕುಗಳು ಹೆಸರು ನೋಡಿ ಜೋಡಿಸಲ್ಲ ಸರ್. ಎಫ್‌ಎಟಿ ಪಟ್ಟಿಯಲ್ಲಿ ಯಾವ ಹಾಡು ಮೊದಲು ಬರೆದಿದೆಯೋ ಅದೇ ಮೊದಲು. ನೀವು ಒಟ್ಟಿಗೆ ಹಿಡಿದು ಎಳೆದು ಹಾಕಿದಾಗ ಕಂಪ್ಯೂಟರ್ ತನಗೆ ತೋಚಿದ ಕ್ರಮದಲ್ಲಿ ಬರೀಬಹುದು. ಫೋಲ್ಡರ್ ಖಾಲಿ ಮಾಡಿ ಒಂದೊಂದೇ ಹಾಡನ್ನ ಕ್ರಮವಾಗಿ ಹಾಕಿ, ಇಲ್ಲ ಆ ಪಟ್ಟಿಯನ್ನೇ ಮರುಜೋಡಿಸೋ ಫ್ಯಾಟ್‌ಸಾರ್ಟ್ ಅನ್ನೋ ಪುಟ್ಟ ಪ್ರೋಗ್ರಾಂ ಇದೆ, ಅದನ್ನ ಓಡಿಸಿ. ನಂಬರನ್ನೂ 01, 02 ಅಂತ ಹಾಕಿ. ಬರೀ 1, 2 ಅಂತ ಹಾಕಿದ್ರೆ ಹೆಸರಿನ ಪ್ರಕಾರ ಜೋಡಿಸೋ ಡೆಕ್ಕು 1 ಆದ್ಮೇಲೆ 10 ಬಾರಿಸುತ್ತೆ.

ನಾಕ್ನೇ ಗೇರು:
ಪೆನ್‌ಡ್ರೈವಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇದ್ರೂ ನಡೀತೈತೇನ್ರಿ?

ಪೆನ್‌ಡ್ರೈವ್ ಪಾರ್ಟಿ:
ಹಳೇ ಡೆಕ್ಕಲ್ಲಿ ಹೆಚ್ಚಾಗಿ ಓದೋದೇ ಇಲ್ಲ. ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ. ಒಳಗಿರೋ ಹಾಡನ್ನ ಮೊದಲು ಬೇರೆ ಕಡೆ ಕಾಪಿ ಮಾಡ್ಕೊಂಡು, ಆಮೇಲೆ.